ಟೋರಿಕಾಳ ನೀಲಿ ದೀಪ

ನಮ್ಮ ಶಾಲೆಯಲ್ಲಿ ಗಂಟೆ ಇಲ್ಲ. ಇದ್ದರೂ ಕೇಳಿಸಿಕೊಳ್ಳುವವರು ನಾನು, ಹೆಡ್‌ಮಾಸ್ಟರು, ಇನ್ನಿಬ್ಬರು ಟೀಚರು, ಅಷ್ಟೇ. ಉಳಿದವರೆಲ್ಲ ಕಿವುಡರು. ಹಾಗಾಗಿ ಹನ್ನೆರಡು ವರ್ಷ ನಮ್ಮ ಶಾಲೆಯ ಗಂಟೆ ಅಂದರೆ ಟೋರಿಕಾಳೇ.

ಪೀರಿಯಡ್ ಮುಗಿಯುವ ಹೊತ್ತಿಗೆ ಪೊರಕೆಯನ್ನು ಗೋಡೆಗೆ ಒರಗಿಸಿ, ಲುಂಗಿಯ ಹಾಗೆ ಸುತ್ತಿದ ಸುಲುವಿನ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದನೇ ಕ್ಲಾಸಿನಿಂದ ಹಾಸ್ಟೆಲಿನ ಕೊನೆಯ ಕೋಣೆಯವರೆಗೆ ನಡೆಯುತ್ತಿದ್ದಳು. ಪ್ರತಿ ಬಾಗಿಲಲ್ಲೂ ಕೈ ಒಳಗೆ ಚಾಚಿ ಲೈಟಿನ ಸ್ವಿಚ್ಚು ಆರಿಸಿ ಹತ್ತಿಸುವಳು. ಎರಡು ಸಲ ಅಂದರೆ ಪೀರಿಯಡ್ಡು, ಮೂರು ಸಲ ಅಂದರೆ ಊಟ, ನಿಲ್ಲಿಸದೆ ಮಿಣುಗಿಸಿದರೆ ಎಲ್ಲ ಬಿಟ್ಟು ಹೊರಗೆ ಓಡಿ ಅಂತ. ಹತ್ತೊಂಬತ್ತು ಬಾಗಿಲು, ದಿನಕ್ಕೆ ಒಂಬತ್ತು ಸುತ್ತು. ಅವಳ ಬಲ ಮೊಣಕಾಲು ಹಾಳಾದದ್ದು ಆ ಸುತ್ತುಗಳಿಂದ ಅಂತ ನಾನು ಹೇಳುತ್ತೇನೆ. ಅವಳು ಒಪ್ಪುವುದಿಲ್ಲ. ಚಿಕ್ಕವಳಿದ್ದಾಗ ರಗ್ಬಿ ಆಡಿ ಹಾಳಾಯಿತು ಅನ್ನುತ್ತಾಳೆ.

ನಾನು ಈ ಹಾಸ್ಟೆಲಿನ ಅಡುಗೆಯವಳು, ಅಂಜಲೈ ಗೌಂಡರ್. ಮಕ್ಕಳು ಬೆರಳನ್ನು ಮೂಗಿನ ಎಡಬದಿಗೆ ಮುಟ್ಟಿಸಿದರೆ ಅದು ನನ್ನ ಹೆಸರು, ಮೂಗುಬೊಟ್ಟಿನವಳು ಅಂತ. ಟೋರಿಕಾಳಿಗೆ ಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗೆರೆ ಇದೆ. ಹುಬ್ಬಿನ ಮೇಲೆ ಬೆರಳೆಳೆದರೆ ಅವಳ ಹೆಸರು. ನನಗಿಂತ ಆರು ವರ್ಷಕ್ಕೆ ಚಿಕ್ಕವಳು, ನನ್ನನ್ನು ಅಕ್ಕ ಅನ್ನುತ್ತಾಳೆ. ಲೌಟೋಕಾದ ಈ ಶಾಲೆಗೆ ನಾನು ಸೇರಿದಾಗ ಅವಳು ಇಲ್ಲೇ ಓದುತ್ತಿದ್ದಳು. ನನಗೆ ಕೈಮಾತು ಕಲಿಸಿದವಳೇ ಅವಳು. ಮೊದಲ ವಾರ ನಾನು "ಇನ್ನೂ ಸ್ವಲ್ಪ ಬೇಕಾ?" ಅಂತ ಕೇಳುತ್ತಿದ್ದೇನೆಂದುಕೊಂಡು ಊಟಕ್ಕೆ ಬಂದ ಮಕ್ಕಳನ್ನೆಲ್ಲ "ನೀನು ಸ್ವಲ್ಪ ಪೆದ್ದಾ?" ಅಂತ ಕೇಳಿದ್ದೆ. ಅವಳು ನಾಲ್ಕು ದಿನ ಸುಮ್ಮನಿದ್ದು ನಕ್ಕಳು, ಐದನೇ ದಿನ ತಿದ್ದಿದಳು.

ಅವಳ ಊರು ಯಸಾವಾ ದ್ವೀಪಗಳ ಕಡೆ. ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ಕಿವಿ ಹೋಯಿತು. ಹನ್ನೊಂದನೇ ವರ್ಷಕ್ಕೆ ದೋಣಿಯಲ್ಲಿ ಇಲ್ಲಿಗೆ ಬಂದಳು. ಆಗ ಶಾಲೆಯಲ್ಲಿ ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ಮರಗೆಲಸ. ಹೊಲಿಗೆ ಅವಳಿಗೆ ಹತ್ತಲಿಲ್ಲ, ಆದರೆ ಕೆಟ್ಟ ಹೊಲಿಗೆ ಯಂತ್ರವೆಲ್ಲ ಅವಳ ಕೈಯಲ್ಲಿ ನೆಟ್ಟಗಾಗುತ್ತಿತ್ತು. ಓದು ಮುಗಿದ ಮೇಲೆ ಪೇಟೆಯಲ್ಲಿ ನರೋತ್ತಮ ಭಾಯಿಯ ರೇಡಿಯೊ ಟೀವಿ ರಿಪೇರಿ ಅಂಗಡಿ ಸೇರಿದಳು. ಮುದುಕನಿಗೆ ಕೈಮಾತು ಬರುತ್ತಿರಲಿಲ್ಲ, ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದ. ಒಂದು ಚೀಟಿ ಅರ್ಥವಾಗದಿದ್ದರೆ ಟೋರಿಕಾ ಅದನ್ನು ಮಡಚಿ ಅವನ ಮುಂದೆ ವಾಪಸ್ಸು ಇಡುತ್ತಿದ್ದಳು. ಅವನು ಬೈದುಕೊಂಡು ಬೇರೆ ಥರ ಬರೆಯುತ್ತಿದ್ದ. ಮೂರನೇ ಸಲವೂ ಇಟ್ಟರೆ ಎದ್ದು ಬಂದು ಕೈ ಹಿಡಿದು ತೋರಿಸುತ್ತಿದ್ದ. ಹೀಗೆ ಹದಿನೈದು ವರ್ಷ. ಅವನು ತೀರಿಕೊಂಡು ಅಂಗಡಿ ಮುಚ್ಚಿದ ಮೇಲೆ ಶಾಲೆಯಲ್ಲಿ ಕಸ ಗುಡಿಸುವ ಕೆಲಸ ಖಾಲಿ ಇತ್ತು, ಬಂದಳು.

ಎರಡು ವರ್ಷದ ಹಿಂದೆ ಯಾವುದೋ ಹೊರದೇಶದ ಸಂಘದವರು ನಮ್ಮ ಶಾಲೆಗೆ ದೀಪ ಕೊಟ್ಟರು. ಪ್ರತಿ ಕೋಣೆಯಲ್ಲಿ ಕಪ್ಪು ಹಲಗೆಯ ಮೇಲೊಂದು ದುಂಡು ದೀಪ. ಆಫೀಸಿನಲ್ಲೊಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಗುಂಡಿ ಒತ್ತಿದರೆ ಹತ್ತೊಂಬತ್ತು ದೀಪವೂ ಒಟ್ಟಿಗೆ ಬಣ್ಣ ಬದಲಾಯಿಸುತ್ತವೆ. ಬಿಳಿ ಅಂದರೆ ಪಾಠ, ಹಸಿರು ಅಂದರೆ ಪೀರಿಯಡ್ ಮುಗಿಯಿತು, ಹಳದಿ ಅಂದರೆ ಊಟ, ಕೆಂಪು ಅಂದರೆ ಗುಡ್ಡದ ಮೇಲಿನ ರಗ್ಬಿ ಮೈದಾನಕ್ಕೆ ಓಡಿ. ನಮ್ಮ ಶಾಲೆ ಸಮುದ್ರಕ್ಕೆ ತೀರ ಹತ್ತಿರ. ಭೂಮಿ ಅಲ್ಲಾಡಿದರೆ, ಸುನಾಮಿ ಅಂದರೆ, ಕೆಂಪು ದೀಪವೇ ನಮಗೆ ಎಲ್ಲ.

ರಾಜಧಾನಿ ಸುವಾದ ಒಂದು ಸಣ್ಣ ಕಂಪನಿಯಿಂದ ಶಾಲ್ವಿನ್ ಎಂಬ ಎಂಜಿನಿಯರ್ ಬಂದು ಅವನ್ನು ಹಾಕಿದ. ಮೂವತ್ತು ದಾಟಿದ, ಚುರುಕು ಮಾತಿನ ಮನುಷ್ಯ. ಟೋರಿಕಾ ಏಣಿ ಹಿಡಿದು ನಿಂತು ಎಲ್ಲ ನೋಡಿದಳು. ದೀಪ ಮೊದಲ ಸಲ ಹತ್ತಿದ ದಿನ ಹೆಡ್‌ಮಾಸ್ಟರ್ ವಿಲಿಯಾಮೆ, "ಟೋರಿಕಾ, ಇನ್ನು ನಿಮ್ಮ ಕಾಲಿಗೆ ರಜೆ" ಅಂದರು.

"ಕಾಲಿಗೆ ರಜೆ, ಪೊರಕೆಗೆ ಓವರ್‌ಟೈಮು" ಅಂದಳು ಅವಳು ಕೈಮಾತಿನಲ್ಲಿ.

ನಾಲ್ಕು ತಿಂಗಳು ಏನೂ ತೊಂದರೆ ಇರಲಿಲ್ಲ. ಜೂನ್‌ನಲ್ಲಿ ಊರಿನ ಸಕ್ಕರೆ ಕಾರ್ಖಾನೆಯವರು ಕಬ್ಬು ಅರೆಯಲು ಶುರುಮಾಡಿದರು. ಒಗೆದ ಬಟ್ಟೆಯ ಮೇಲೆಲ್ಲ ಕರಿ ಮಸಿ ಬೀಳತೊಡಗಿದ ಆ ದಿನಗಳಲ್ಲೇ ದೀಪಗಳು ನಿದ್ದೆ ಹೋಗಲು ಶುರುಮಾಡಿದವು. ನಿದ್ದೆ ಅನ್ನುವುದು ಟೋರಿಕಾಳ ಮಾತು. ಒಂದು ಕೋಣೆಯ ದೀಪ ಬಿಳಿಯಲ್ಲೋ ಹಸಿರಲ್ಲೋ ನಿಂತರೆ ನಿಂತೇಬಿಡುತ್ತಿತ್ತು. ಆಫೀಸಿನಿಂದ ಏನು ಒತ್ತಿದರೂ ಬದಲಾಗುತ್ತಿರಲಿಲ್ಲ. ಮೇನ್ ಸ್ವಿಚ್ ಆರಿಸಿ ಹತ್ತಿಸಿದರೆ ಮತ್ತೆ ಸರಿಹೋಗುತ್ತಿತ್ತು. ಇವತ್ತು ಈ ಕೋಣೆ, ನಾಳೆ ಆ ಕೋಣೆ. ಒಂದು ದಿನ ಐದನೇ ಕ್ಲಾಸಿನವರು ಊಟಕ್ಕೆ ಬರಲೇ ಇಲ್ಲ. ನಾನು ಹೋಗಿ ನೋಡಿದರೆ ಟೀಚರ್ ಉನಾಯಿಸಿ ಇನ್ನೂ ಭಾಗಾಕಾರ ಹೇಳಿಕೊಡುತ್ತಿದ್ದಾಳೆ, ಮಕ್ಕಳು ಹೊಟ್ಟೆ ಹಿಡಿದುಕೊಂಡು ದೀಪ ನೋಡುತ್ತಿದ್ದಾರೆ, ದೀಪ ಬಿಳಿ. ಉನಾಯಿಸಿಗೂ ಕಿವಿ ಕೇಳದು.

ಹೆಡ್‌ಮಾಸ್ಟರು ಫೋನ್ ಮಾಡಿದರು. ಶಾಲ್ವಿನ್ ಬಂದು ತಂತಿಯ ಮೇಲೆ ಸಂಶಯಪಟ್ಟ. ಒಳ್ಳೆಯ ಹೊದಿಕೆಯ ಹೊಸ ತಂತಿ ಎಳೆದ. ನಿದ್ದೆ ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ.

ಜುಲೈ ತಿಂಗಳಲ್ಲಿ ಸುನಾಮಿ ಕವಾಯತು ಬಂತು, ಸುನಾಮಿ ಬಂದರೆ ಹೇಗೆ ಓಡಬೇಕು ಅನ್ನುವ ಅಭ್ಯಾಸ. ಹೆಡ್‌ಮಾಸ್ಟರು ಕೆಂಪು ಗುಂಡಿ ಒತ್ತಿದರು. ನಾನು ಒಲೆ ಆರಿಸಿ ಮಕ್ಕಳ ಹಿಂದೆ ಗುಡ್ಡ ಹತ್ತಿದೆ. ಮೇಲೆ ಹೋಗಿ ಎಣಿಸಿದರೆ ಒಂಬತ್ತು ತಲೆ ಕಡಿಮೆ. ಅವತ್ತು ಟೀಚರು ರಜೆಯಲ್ಲಿದ್ದ ನಾಲ್ಕನೇ ಕ್ಲಾಸು ಇಡೀ ಇಲ್ಲ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಷ್ಟರಲ್ಲಿ ಟೋರಿಕಾ ಕುಂಟುತ್ತಾ ಗುಡ್ಡ ಇಳಿಯುತ್ತಿದ್ದಳು. ಆ ಮಕ್ಕಳು ಕೋಣೆಯಲ್ಲಿ ಕೂತು ಮೀನಿನ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದರು. ತಲೆಯ ಮೇಲೆ ಬಿಳಿ ದೀಪ ತಣ್ಣಗೆ ಉರಿಯುತ್ತಿತ್ತು. ಟೋರಿಕಾ ಅವರನ್ನು ಮೈದಾನಕ್ಕೆ ಕರೆದುಕೊಂಡು ಬಂದಳು. ಅವತ್ತು ಏನೂ ಆಗಿರಲಿಲ್ಲ, ಬರೀ ಕವಾಯತು. ಆದರೂ ಸಂಜೆ ಊಟದ ಸಾಲಿನಲ್ಲಿ ನಾನು ಇನ್ನೊಂದು ಸಲ ತಲೆ ಎಣಿಸಿದೆ.

ಮರುದಿನ ಹೆಡ್‌ಮಾಸ್ಟರು ನಮ್ಮನ್ನು ಕರೆದು, "ಆ ದೀಪ ಎಲ್ಲಾ ಕಿತ್ತು ಹಾಕಿಸ್ತೀನಿ. ಸುಳ್ಳು ಹೇಳೋ ದೀಪಕ್ಕಿಂತ ದೀಪ ಇಲ್ಲದಿರೋದೇ ವಾಸಿ. ಟೋರಿಕಾ, ನಿಮ್ಮ ಕಾಲು ಒಪ್ಪಿದ್ರೆ..." ಅಂದರು. ಮುಂದಿನದನ್ನು ಹೇಳಲು ಅವರಿಗೆ ನಾಚಿಕೆಯಾಯಿತು.

"ನಡೀತೀನಿ ಮಾಸ್ಟರ್. ಆದ್ರೆ ಕೀಳ್ಬೇಡಿ, ನಂಗೆ ಎರಡು ತಿಂಗಳು ಕೊಡಿ" ಅಂದಳು ಟೋರಿಕಾ.

ಅವಳು ಮತ್ತೆ ಬಾಗಿಲಿಂದ ಬಾಗಿಲಿಗೆ ನಡೆಯತೊಡಗಿದಳು. ಈ ಸಲ ಸೊಂಟದಲ್ಲಿ ಒಂದು ಬರೆಯುವ ಪುಸ್ತಕ. ಯಾವ ದೀಪ, ಯಾವ ದಿನ, ಎಷ್ಟು ಗಂಟೆಗೆ, ಆಗ ಶಾಲೆಯಲ್ಲಿ ಏನೇನು ನಡೆಯುತ್ತಿತ್ತು, ಎಲ್ಲ ಬರೆದಳು. ನನ್ನ ಅಡುಗೆಮನೆಗೂ ಬಂದು ಮಿಕ್ಸಿ ಎಷ್ಟು ಹೊತ್ತಿಗೆ ಹಾಕಿದೆ ಅಂತ ವಿಚಾರಿಸುತ್ತಿದ್ದಳು.

"ನನ್ನ ಚಟ್ನಿ ಮೇಲೂ ಅನುಮಾನವಾ?" ಅಂದೆ.

"ನಿನ್ನ ಚಟ್ನಿ ಮೇಲೆ ಮೊದಲಿಂದಲೂ ಇದೆ" ಅಂದಳು.

ಮೂರು ವಾರಕ್ಕೆ ಅವಳಿಗೆ ಎರಡು ವಿಷಯ ಗೊತ್ತಾಯಿತು. ದೀಪಗಳು ಹೆಚ್ಚಾಗಿ ನಿದ್ದೆ ಹೋಗುವುದು ಮಂಗಳವಾರ, ಗುರುವಾರ. ಅಂದರೆ ಮರಗೆಲಸದ ಕ್ಲಾಸಿಗೆ ಜೂನ್ ತಿಂಗಳಲ್ಲಿ ಹೊಸದಾಗಿ ಬಂದ ದೊಡ್ಡ ಗರಗಸ ತಿರುಗುವ ದಿನ. ಎರಡನೆಯದು, ಸುಮ್ಮನೆ ಉರಿಯುತ್ತಿರುವ ದೀಪ ಒಂದು ಸಲವೂ ನಿದ್ದೆ ಹೋಗಿರಲಿಲ್ಲ. ಒಂದು ಬಣ್ಣದಿಂದ ಇನ್ನೊಂದಕ್ಕೆ ನಿಧಾನವಾಗಿ ಹೊರಳುವ ಆ ಅರೆಗಳಿಗೆಯಲ್ಲೇ ಹೋಗುತ್ತಿದ್ದವು.

ಒಂದು ದೀಪ ಇಳಿಸಿ ಬಿಚ್ಚಿದಳು. ಒಳಗಿನ ಪುಟ್ಟ ಕಂಪ್ಯೂಟರ್ ಚಿಪ್ಪಿನ ಮೇಲಿದ್ದ ನಂಬರನ್ನು ಭೂತಗನ್ನಡಿಯಲ್ಲಿ ಓದಿ, ಹೆಡ್‌ಮಾಸ್ಟರ ಕಂಪ್ಯೂಟರಿನಲ್ಲಿ ಹುಡುಕಿಸಿ, ಅದರ ಕೈಪಿಡಿಯನ್ನು ಪ್ರಿಂಟ್ ಹಾಕಿಸಿಕೊಂಡಳು. ಇಟ್ಟಿಗೆಯಷ್ಟು ದಪ್ಪ. ಟೋರಿಕಾಳಿಗೆ ಇಂಗ್ಲಿಷು ಸುಲಭವಲ್ಲ. ಅವಳ ಭಾಷೆ ಕೈಯದು, ಇಂಗ್ಲಿಷನ್ನು ಅವಳು ಒಂದೊಂದೇ ಕಾಳು ಆರಿಸಿದ ಹಾಗೆ ಓದಬೇಕು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನನ್ನ ಊಟದ ಮೇಜಿನ ಮೇಲೆ ಹರಡಿಕೊಂಡು ಕೂರುತ್ತಿದ್ದಳು. ಪಕ್ಕದಲ್ಲಿ ನಿಘಂಟು, ಒಂದು ಬಟ್ಟಲು ಬೇಯಿಸಿದ ಮರಗೆಣಸು. ಒಂದು ದಿನ ನನ್ನ ಭುಜ ತಟ್ಟಿ ಒಂದು ಪದ ತೋರಿಸಿದಳು. ಓವರ್‌ರನ್.

"ಇದೇನು? ಮೇಲೆ ಗಾಡಿ ಹರಿಯೋದು ಅಂತ ಇದೆ ನಿಘಂಟಲ್ಲಿ. ಚಿಪ್ಪಿನ ಮೇಲೆ ಯಾವ ಗಾಡಿ ಹರೀತು?"

ನನಗೂ ಗೊತ್ತಾಗಲಿಲ್ಲ. ನಾನು ಓದಿದ್ದು ಎಂಟನೇ ಕ್ಲಾಸು. ಸುತ್ತಲಿನ ಸಾಲುಗಳನ್ನು ಇಬ್ಬರೂ ಸೇರಿ ಒಂದು ವಾರ ಬಿಡಿಸಿದೆವು. ಅರ್ಥವಾದಾಗ ಅದು ನನ್ನ ಅಡುಗೆಮನೆಯಲ್ಲಿ ಊಟದ ತಟ್ಟೆ ದಾಟಿಸುವ ಕಿಂಡಿಯದ್ದೇ ಕಥೆ ಅನ್ನಿಸಿತು. ಆಫೀಸಿನ ಪೆಟ್ಟಿಗೆಯಿಂದ ತಂತಿಯ ಮೇಲೆ ಒಂದರ ಹಿಂದೆ ಒಂದು ಅಕ್ಷರ ಬರುತ್ತವೆ. ಬಂದ ಅಕ್ಷರ ಇಟ್ಟುಕೊಳ್ಳಲು ಚಿಪ್ಪಿನ ಬಾಗಿಲಲ್ಲಿ ಎರಡೇ ಜಾಗ, ನನ್ನ ಕಿಂಡಿಯಲ್ಲಿ ಎರಡೇ ತಟ್ಟೆ ಹಿಡಿಸುವ ಹಾಗೆ. ಒಳಗಿನವರು ಬೇಗ ಬೇಗ ಎತ್ತಿಕೊಳ್ಳಬೇಕು. ಎತ್ತದೆ ಬೇರೆ ಕೆಲಸದಲ್ಲಿದ್ದಾಗ ಮೂರನೆಯದು ಬಂತೋ, ಚಿಪ್ಪು ಒಂದು ಗುರುತು ಎತ್ತಿ, ಬಾಗಿಲು ಹಾಕಿಕೊಂಡುಬಿಡುತ್ತದೆ. ಆಮೇಲೆ ಎಷ್ಟು ಬಡಿದರೂ ತೆಗೆಯುವುದಿಲ್ಲ. ಒಳಗಿನವರೇ ಗುರುತು ನೋಡಿ, ಬಾಗಿಲು ಬಿಚ್ಚಬೇಕು.

"ಒಳಗಿನೋರು ಅಂದ್ರೆ ಪ್ರೋಗ್ರಾಮು" ಅಂದಳು ಟೋರಿಕಾ. "ದೀಪ ಬಣ್ಣ ಬದಲಾಯಿಸ್ತಾ ಇದ್ದಾಗ ಅದು ಬಾಗಿಲ ಕಡೆ ನೋಡ್ತಿಲ್ಲ. ಆಗ ಏನೂ ಬರಲ್ಲ ಅನ್ನೋ ಧೈರ್ಯ. ಆದ್ರೆ ಗರಗಸ ಶುರುವಾದ್ರೆ ತಂತೀಲಿ ಸುಳ್ಳು ಅಕ್ಷರ ಹುಟ್ತವೆ. ಬಾಲ ಮುರಿದ ಅಕ್ಷರ. ಅವು ಬಂದು ಬಾಗಿಲು ತುಂಬಿಸಿಬಿಡ್ತವೆ. ಬಾಗಿಲು ಬಿತ್ತು. ತೆಗೆಯೋರು ಇಲ್ಲ."

"ಹಾಗಾದ್ರೆ ತಂತಿ ತಪ್ಪಲ್ವಾ?"

"ತಂತಿಗೂ ಸ್ವಲ್ಪ ಪಾಲಿದೆ. ಆದ್ರೆ ಲೋಕದಲ್ಲಿ ಗದ್ದಲ ಇರೋದೇ. ಒಂದು ಸಲ ತಪ್ಪಾಗಿ ಕೇಳಿಸ್ತು ಅಂತ ಮತ್ತೆ ಯಾರ ಮಾತನ್ನೂ ಕೇಳದೆ ಕೂರೋದಾ?"

ಆಗಸ್ಟಿನಲ್ಲಿ ಶಾಲ್ವಿನ್ ಮತ್ತೆ ಬಂದ. ಟೋರಿಕಾ ಅವನನ್ನು ನೇರವಾಗಿ ಮರಗೆಲಸದ ಶೆಡ್ಡಿಗೆ ಕರೆದುಕೊಂಡು ಹೋದಳು. ಹೆಡ್‌ಮಾಸ್ಟರೂ ಬಂದರು. ಅವಳ ಕೈಮಾತನ್ನು ಬಾಯಲ್ಲಿ ಹೇಳಲು ನಾನಿದ್ದೆ. ಅವನು ಹೆಡ್‌ಮಾಸ್ಟರ ಕಡೆ ತಿರುಗಿ ಮಾತಾಡಲು ಶುರುಮಾಡಿದ. ಕಂಪನಿ ಏನು ಹೇಳುತ್ತದೆ, ಇನ್ನೂ ದಪ್ಪ ತಂತಿ ಹಾಕಿದರೆ ಹೇಗೆ, ಇಂಥವು. ಟೋರಿಕಾ ಬೆಂಚನ್ನು ಅಂಗೈಯಲ್ಲಿ ತಟ್ಟಿದಳು. ಅವನು ಬೆಚ್ಚಿ ತಿರುಗಿದ.

"ನನ್ನ ಕಡೆ ಮುಖ ಇಟ್ಟು ಮಾತಾಡು. ನಿನ್ನ ಕಿವಿ ನೋಡ್ಕೊಂಡು ನಾನು ಏನು ತಿಳ್ಕೊಳ್ಳಲಿ?"

ನಾನು ಇದ್ದಿದ್ದನ್ನು ಇದ್ದ ಹಾಗೇ ಹೇಳಿದೆ. ಅವನು ಕೆಂಪಾದ.

ಬೆಂಚಿನ ಮೇಲೆ ಒಂದು ದೀಪ, ಒಂದು ಗುಂಡಿ. ಗರಗಸ ಶುರುಮಾಡು, ಅದು ವೇಗ ಹಿಡಿಯುವಾಗ ಗುಂಡಿ ಒತ್ತು ಅಂದಳು. ಮೊದಲ ಸಲ ಬಿಳಿಯಿಂದ ಹಸಿರಾಯಿತು. ಎರಡನೆಯ ಸಲ ಹಸಿರಿನಿಂದ ಹಳದಿ. ಮೂರನೆಯ ಸಲ ಹಳದಿಯಿಂದ ಕೆಂಪಿಗೆ ಹೊರಳಿದ ದೀಪ ಕೆಂಪಿನಲ್ಲೇ ನಿಂತುಬಿಟ್ಟಿತು. ಶಾಲ್ವಿನ್ ಗರಗಸ ಆರಿಸಿ ಗುಂಡಿ ಒತ್ತಿದ, ಮತ್ತೆ ಒತ್ತಿದ. ಕೆಂಪು ಕೆಂಪಾಗೇ ಇತ್ತು. ಟೋರಿಕಾ ಕೈಪಿಡಿಯ ಒಂದು ಹಾಳೆ, ತನ್ನ ಬರೆಯುವ ಪುಸ್ತಕ ಎರಡನ್ನೂ ಅವನ ಮುಂದಿಟ್ಟಳು. ಹಾಳೆಯಲ್ಲಿ ಆರು ಸಾಲಿನ ಕೆಳಗೆ ಗೆರೆ ಎಳೆದಿದ್ದಳು.

ಅವನು ನಿಂತೇ ಓದಿದ. ಆಮೇಲೆ ಸ್ಟೂಲು ಎಳೆದುಕೊಂಡು ಕೂತು ಇನ್ನೊಂದು ಸಲ ಓದಿದ. ನನ್ನ ಕಡೆ ತಿರುಗಿ ಮೆಲ್ಲಗೆ, "ಇವರಿಗೆ ಇದೆಲ್ಲ ಯಾರು ಹೇಳಿಕೊಟ್ರು?" ಅಂದ.

"ಅವಳನ್ನೇ ಕೇಳಪ್ಪ. ಅಲ್ಲೇ ಇದ್ದಾಳಲ್ಲ."

ಅವನು ಟೋರಿಕಾಳ ಕಡೆ ತಿರುಗಿದ. ಈ ಸಲ ಮುಖ ನೆಟ್ಟಗಿಟ್ಟು, ನಿಧಾನವಾಗಿ ಕೇಳಿದ. "ಆಂಟಿ, ಯಾರು ಹೇಳಿಕೊಟ್ರು?"

"ನೀನು ಕೊಟ್ಟ ದೀಪ" ಅಂದಳು ಅವಳು. "ಈಗ ಒಳಗಿನ ಪ್ರೋಗ್ರಾಮು ಕೊಡು. ನೋಡ್ಬೇಕು."

ಕಂಪನಿಯವರು ಅದನ್ನು ಹೊರಗೆ ಕೊಡುವುದಿಲ್ಲ, ಕೇಳಿ ನೋಡುತ್ತೇನೆ ಅಂತ ಹೇಳಿ ಅವನು ಹೋದ. ನಾನು ಅವನ ಆಸೆ ಬಿಟ್ಟೆ. ಟೋರಿಕಾ ಬಿಡಲಿಲ್ಲ, ಕೊಡದಿದ್ದರೆ ತಾನೇ ಬರೆಯುತ್ತೇನೆ ಅಂತ ಕೈಪಿಡಿಯ ಮೊದಲ ಪುಟಕ್ಕೆ ಹೋಗಿ ಕೂತಳು.

ಹತ್ತು ದಿನ ಕಳೆದು ಶನಿವಾರ ಮಧ್ಯಾಹ್ನ ಶಾಲ್ವಿನ್ ಸುವಾ ಬಸ್ಸಿನಿಂದಿಳಿದು ಗೇಟಿನ ಹತ್ತಿರ ನಿಂತಿದ್ದ. ಕಂಪನಿಯ ಗಾಡಿ ಇಲ್ಲ, ಕಂಪನಿಯ ಅಂಗಿ ಇಲ್ಲ. ಹೆಗಲಲ್ಲಿ ಕಂಪ್ಯೂಟರಿನ ಚೀಲ. ಊಟದ ಮೇಜಿನ ಮೇಲೆ ಅದನ್ನು ತೆರೆದು, ಪರದೆಯನ್ನು ಟೋರಿಕಾಳ ಕಡೆ ತಿರುಗಿಸಿದ.

"ಕಂಪನಿ ಒಪ್ತಾ?" ಅಂತ ನಾನು ಕೇಳಿದೆ.

"ಬಾಸ್ ಒಪ್ಪಿದ್ರು. ಆದ್ರೆ ಒಂದು ಮಾತು ಹೇಳ್ಬೇಕು ಆಂಟಿ. ಈ ಪ್ರೋಗ್ರಾಮ್ ಬರೆದಿದ್ದು ನಾನೇ. ಆ ಗುರುತು ನೋಡೋ ಸಾಲು ಮೊದಲು ಇತ್ತು. ಟೆಸ್ಟ್ ಮಾಡುವಾಗ ಯಾವಾಗ್ಲೂ ಅಡ್ಡ ಬರ್ತಿತ್ತು ಅಂತ ನಾನೇ ತೆಗೆದುಹಾಕಿದೆ. ಆಮೇಲೆ ವಾಪಸ್ ಹಾಕೋದು ಮರೆತೆ."

ನಾನು ಇದನ್ನು ಕೈಯಲ್ಲಿ ಹೇಳಿದೆ. ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ಒಂಬತ್ತು ಮಕ್ಕಳ ನೆನಪು ಅವಳಿಗೆ ಆಗಿರಬೇಕು, ಮುಖ ಗಟ್ಟಿಯಾಯಿತು. ಆದರೆ ಅವಳು ಕೇಳಿದ್ದು, "ಊಟ ಮಾಡಿದ್ದೀಯಾ?"

ಇಲ್ಲ ಅಂದ. ನನ್ನ ಬೇಳೆ ಸಾರು, ರೊಟ್ಟಿ, ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಸೊಪ್ಪು ಬಡಿಸಿದೆ. ಅವನು ತಿನ್ನುವಾಗ ಅವಳು ಪರದೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಇಳಿಯುತ್ತಿದ್ದಳು.

ಶನಿವಾರ ಸಂಜೆ, ಭಾನುವಾರ ಅವಳು ಚರ್ಚಿನಿಂದ ಬಂದ ಮೇಲೆ ಇಡೀ ದಿನ, ಇಬ್ಬರೂ ಕೂತರು. ಬಾಗಿಲು ಬಿದ್ದರೆ ತಕ್ಷಣ ಬಿಚ್ಚಬೇಕು, ಅದಕ್ಕೆ ಜಗಳವಿರಲಿಲ್ಲ. ಬಾಲ ಮುರಿದ ಅಕ್ಷರ ಒಂದು ಬಂದರೂ ಆ ಸಂದೇಶವನ್ನು ಪೂರ್ತಿ ಎಸೆದು, ಮುಂದಿನದರ ಆರಂಭಕ್ಕೆ ಕಾಯಬೇಕು, ಅದಕ್ಕೂ ಇಬ್ಬರೂ ಒಪ್ಪಿದರು. ಪೆಟ್ಟಿಗೆ ಅದೇ ಸಂದೇಶವನ್ನು ಸೆಕೆಂಡಿಗೊಂದು ಸಲ ಕಳಿಸುತ್ತಲೇ ಇರುತ್ತದೆ, ಒಂದನ್ನು ಎಸೆದರೆ ನಷ್ಟವಿಲ್ಲ. ಬಣ್ಣ ಹೊರಳಿಸುವಾಗಲೂ ನಡುನಡುವೆ ಬಾಗಿಲ ಕಡೆ ಕಣ್ಣು ಹಾಯಿಸುವ ಹಾಗೆ ಅವನು ಚೆನ್ನಾಗಿ ಬರೆದ. ಅವಳೇ ಮೆಚ್ಚಿ ಅವನ ಬೆನ್ನು ತಟ್ಟಿದಳು.

ಜಗಳ ಬಂದದ್ದು ಕೊನೆಯ ಒಂದು ಮಾತಿಗೆ. ಎಷ್ಟು ಹೊತ್ತು ಕಾದರೂ ಒಳ್ಳೆಯ ಸಂದೇಶವೇ ಬರದಿದ್ದರೆ ದೀಪ ಏನು ಮಾಡಬೇಕು?

"ಇದ್ದ ಬಣ್ಣದಲ್ಲೇ ಇರುತ್ತೆ" ಅಂದ ಶಾಲ್ವಿನ್. "ಎಲ್ಲ ಕಡೆ ಹಾಗೇ ಮಾಡೋದು ಆಂಟಿ. ನೋಡೋರಿಗೆ ಗೊತ್ತಾಗಲ್ಲ."

"ಅದೇ ಬೇಡ ಅನ್ನೋದು ನಾನು. ಐದು ಸೆಕೆಂಡು ಏನೂ ಕೇಳಿಸದಿದ್ರೆ ನೀಲಿ ಬಣ್ಣದಲ್ಲಿ ಮಿಣುಕಬೇಕು. ನಂಗೆ ಕೇಳಿಸ್ತಿಲ್ಲ ಅಂತ ಹೇಳ್ಬೇಕು."

"ದೀಪ ಕೆಟ್ಟಿದೆ ಅಂತ ನಾವೇ ತೋರಿಸಿಕೊಂಡ ಹಾಗಾಗುತ್ತಲ್ಲ ಆಂಟಿ. ಬಾಸ್ ಏನಂತಾರೆ?"

"ಕೆಟ್ಟಿದ್ರೆ ತೋರಿಸ್ಬೇಡ್ವಾ?"

ಅವನು ನಕ್ಕು ತಲೆಯಾಡಿಸಿದ. ಸುಮ್ಮನೆ, ದೊಡ್ಡವರ ಮಾತಿಗೆ ಹ್ಞೂಂ ಅನ್ನುವ ಹಾಗೆ. ಟೋರಿಕಾ ಅವನ ಗಲ್ಲವನ್ನು ಎರಡು ಬೆರಳಿನಲ್ಲಿ ಹಿಡಿದು ನಿಲ್ಲಿಸಿದಳು.

"ಹೀಗೆ ತಲೆ ಆಡಿಸೋದು ನಂಗೆ ಚೆನ್ನಾಗಿ ಗೊತ್ತು. ಏಳು ವರ್ಷ ನಾನೂ ಆಡಿಸಿದ್ದೀನಿ" ಅಂದಳು.

ಆಮೇಲೆ ಅವಳು ಹೇಳಿದ್ದನ್ನು ನಾನು ಬಾಯಲ್ಲಿ ಹೇಳಬೇಕಾಯಿತು. ಅಷ್ಟು ವರ್ಷದ ಗೆಳತಿ, ಅವತ್ತಿನವರೆಗೆ ನನಗೂ ಅದನ್ನು ಹೇಳಿರಲಿಲ್ಲ.

ಊರಲ್ಲಿ ಅವಳಿಗೆ ಕೈಮಾತು ಬರುತ್ತಿರಲಿಲ್ಲ, ಯಾರಿಗೂ ಬರುತ್ತಿರಲಿಲ್ಲ. ದೊಡ್ಡವರು ಬಂದು ಬಾಯಿ ಆಡಿಸುತ್ತಿದ್ದರು. ಇವಳು ತಲೆ ಆಡಿಸುತ್ತಿದ್ದಳು. ತಲೆ ಆಡಿಸಿದರೆ ಅವರ ಮುಖಕ್ಕೆ ಸಮಾಧಾನ ಬರುತ್ತಿತ್ತು, ಜಾಣೆ ಅಂತ ಕೆನ್ನೆ ಮುಟ್ಟಿ ಹೋಗುತ್ತಿದ್ದರು. ಇಲ್ಲ ಅಂದರೆ ಮುಖ ಗಂಟು ಹಾಕಿ ಇನ್ನೂ ಜೋರಾಗಿ ಬಾಯಿ ಆಡಿಸುತ್ತಿದ್ದರು. ಅದಕ್ಕೆ ಎಲ್ಲಕ್ಕೂ ತಲೆ ಆಡಿಸುವುದನ್ನು ಕಲಿತಳು. ಎಂಟು ವರ್ಷದವಳಿದ್ದಾಗ ಒಂದು ಬೆಳಿಗ್ಗೆ ದಡದಲ್ಲಿ ಕೂತು ಕಪ್ಪೆಚಿಪ್ಪು ಪೋಣಿಸುತ್ತಿದ್ದಳು. ಅಜ್ಜಿ ಓಡಿ ಬಂದು ಏನೋ ಹೇಳಿದಳು. ಇವಳು ತಲೆ ಆಡಿಸಿದಳು. ಅಜ್ಜಿ ದೋಣಿಯ ಕಡೆ ಹೋದಳು. ಇವಳು ಇನ್ನೊಂದು ಚಿಪ್ಪು ಪೋಣಿಸಿದಳು. ತಲೆಯೆತ್ತಿ ನೋಡಿದಾಗ ದೋಣಿ ಹೊರಟಿತ್ತು, ಅದರಲ್ಲಿ ಚಾಪೆಯ ಮೇಲೆ ಅಮ್ಮನನ್ನು ಮಲಗಿಸಿದ್ದರು. ಲೌಟೋಕಾದ ಆಸ್ಪತ್ರೆಯಿಂದ ಅಮ್ಮ ವಾಪಸ್ಸು ಬರಲಿಲ್ಲ.

"ಬಾ, ಅಮ್ಮನ ಕೈ ಹಿಡ್ಕೋ ಅಂತ ಅಜ್ಜಿ ಹೇಳಿದ್ದಂತೆ. ಕೈಮಾತು ಕಲಿತ ಮೇಲೆ, ಹದಿಮೂರಕ್ಕೆ, ಗೊತ್ತಾಯ್ತು" ಅಂದಳು ಟೋರಿಕಾ. "ನಂಗೆ ಅರ್ಥವಾಗಿಲ್ಲ ಅಂತ ಅಜ್ಜಿಗೆ ಗೊತ್ತಾಗಿದ್ರೆ ಕೈ ಹಿಡಿದು ಎಳ್ಕೊಂಡು ಹೋಗ್ತಿದ್ಲು. ನಾನು ತಲೆ ಆಡಿಸಿದೆ."

ಅದನ್ನೂ ನಾನು ಬಾಯಲ್ಲಿ ಹೇಳಿ ಮುಗಿಸಿದೆ. ಶಾಲ್ವಿನ್ ತಲೆ ತಗ್ಗಿಸಿ ಏನೋ ಗೊಣಗಿದ. ಟೋರಿಕಾ ಮೇಜು ತಟ್ಟಿದಳು.

"ತಲೆ ಎತ್ತಿ ಹೇಳು. ತಗ್ಗಿಸಿದ್ರೆ ಹೇಗೆ ಕಾಣುತ್ತೆ ನಂಗೆ?"

ಅವನು ತಲೆ ಎತ್ತಿದ. "ನೀಲಿ ಹಾಕ್ತೀನಿ ಅಂದೆ ಆಂಟಿ."

"ಎಷ್ಟು ಸೆಕೆಂಡು?"

"ಐದು."

"ಮೂರು ಮಾಡು" ಅಂದಳು.

ಹೊಸ ಪ್ರೋಗ್ರಾಮನ್ನು ಹತ್ತೊಂಬತ್ತು ದೀಪಕ್ಕೂ ತುಂಬಿಸಿದವಳು ಅವಳೇ. ಏಣಿಯ ಮೇಲೆ, ಹಾಳು ಮೊಣಕಾಲಿನಲ್ಲಿ, ಮೂರು ದಿನ. ಕೆಳಗೆ ನಾನು ಏಣಿ ಹಿಡಿದು, ಬಿದ್ದರೆ ನನ್ನ ಮೇಲೇ ಬೀಳುತ್ತೀಯ ಅಂತ ಬೈಯುತ್ತಿದ್ದೆ. ಮೇಲಿನಿಂದ ಅವಳಿಗೆ ನನ್ನ ಕೈ ಕಾಣುತ್ತಿರಲಿಲ್ಲ, ಹಾಗಾಗಿ ನನ್ನ ಬೈಗುಳವೆಲ್ಲ ವ್ಯರ್ಥ. ಆ ತಿಂಗಳು ಗರಗಸ ಎಷ್ಟು ತಿರುಗಿದರೂ ಒಂದು ದೀಪವೂ ನಿದ್ದೆ ಹೋಗಲಿಲ್ಲ. ಒಂದೆರಡು ಸಲ ಬಣ್ಣ ಬದಲಾಗುವುದು ಒಂದು ಸೆಕೆಂಡು ತಡವಾಯಿತು. ಅದನ್ನೂ ಅವಳು ಪುಸ್ತಕದಲ್ಲಿ ಬರೆದಳು.

ಅಕ್ಟೋಬರಿನಲ್ಲಿ ಮತ್ತೆ ಕವಾಯತು. ಯಾವ ದಿನ ಅಂತ ಹೆಡ್‌ಮಾಸ್ಟರು ಯಾರಿಗೂ ಹೇಳಿರಲಿಲ್ಲ. ನಾನು ಅಕ್ಕಿ ತೊಳೆಯುತ್ತಿದ್ದೆ, ಗೋಡೆಯೆಲ್ಲ ಕೆಂಪಾಯಿತು. ಹೊರಗೆ ಬಂದರೆ ಕೋಣೆಗಳಿಂದ ಮಕ್ಕಳು ಸಾಲಾಗಿ ಹೊರಡುತ್ತಿದ್ದಾರೆ. ಐದನೇ ಕ್ಲಾಸಿನ ಕಿಟಕಿಯಲ್ಲಿ ಮಾತ್ರ ಕೆಂಪಿಲ್ಲ. ಕಿಟಕಿಯಲ್ಲಿ ನೀಲಿ ಮಿಣುಕುತ್ತಿತ್ತು. ಒಳಗಿನ ತಂತಿಯನ್ನು ಇಲಿ ಕಡಿದಿತ್ತು ಅಂತ ಆಮೇಲೆ ಗೊತ್ತಾಯಿತು. ನಾನು ಅತ್ತ ಎರಡು ಹೆಜ್ಜೆ ಇಡುವಷ್ಟರಲ್ಲಿ ಉನಾಯಿಸಿ ಬಾಗಿಲಿಂದ ತಲೆ ಹೊರಗೆ ಹಾಕಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಓಡುತ್ತಿದ್ದ ಮಕ್ಕಳನ್ನು ಕಂಡಳು, ಒಳಗೆ ತಿರುಗಿ ಎರಡೂ ಕೈ ಎತ್ತಿದಳು. ಹನ್ನೊಂದು ಮಕ್ಕಳು ಅವಳ ಹಿಂದೆ ಹೊರಬಿದ್ದವು.

ಗುಡ್ಡದ ಮೇಲೆ ಹೆಡ್‌ಮಾಸ್ಟರು ಗಡಿಯಾರ ನೋಡಿದರು. ಆರು ನಿಮಿಷ. ಎಲ್ಲರಿಗಿಂತ ಕೊನೆಗೆ ಟೋರಿಕಾ ಕುಂಟುತ್ತಾ ಹತ್ತಿ ಬಂದಳು.

"ಎಲ್ಲಾ ಬಂದಿದ್ದಾರೆ ಟೋರಿಕಾ" ಅಂದರು ಮಾಸ್ಟರು. ಅವರ ಕಣ್ಣು ಒದ್ದೆಯಾಗಿತ್ತು. ಗುಡ್ಡ ಹತ್ತಿದ ಬೆವರು ಅಂದರು ಆಮೇಲೆ.

ಅವಳು ಅವರ ಮಾತು ನಂಬಿ ನಿಲ್ಲಲಿಲ್ಲ. ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿ ಒಂದೊಂದು ತಲೆಯನ್ನೂ ಮುಟ್ಟಿ ಎಣಿಸಿದಳು. ಎಣಿಸಿ ಮುಗಿಸಿ ಹುಲ್ಲಿನ ಮೇಲೆ ಕಾಲು ಚಾಚಿ ಕೂತಳು. ನಾನು ಪಕ್ಕದಲ್ಲಿ ಕೂತು ಅವಳ ಮೊಣಕಾಲು ತಿಕ್ಕಿದೆ. ಕೆಳಗೆ ಸಮುದ್ರ ತನ್ನ ಪಾಡಿಗೆ ತಾನಿತ್ತು.

ಡಿಸೆಂಬರಿನಲ್ಲಿ ಶಾಲ್ವಿನ್‌ನ ಕಂಪನಿಯಿಂದ ಒಂದು ಕಾಗದ ಬಂತು. ಇನ್ನು ಮುಂದೆ ತಾವು ಎಲ್ಲಿ ದೀಪ ಹಾಕಿದರೂ ಈ ನೀಲಿ ಇರುತ್ತದೆ, ಇದನ್ನು ಸೂಚಿಸಿದ ಮಿಸ್ಟರ್ ಟೋರಿಕಾ ಅವರಿಗೆ ವಂದನೆಗಳು ಅಂತ. ಹೆಡ್‌ಮಾಸ್ಟರು ಅದಕ್ಕೆ ಚೌಕಟ್ಟು ಹಾಕಿಸಲು ಹೊರಟಿದ್ದರು. ಟೋರಿಕಾ ಬಿಡಲಿಲ್ಲ. ಕೆಂಪು ಪೆನ್ನಿನಲ್ಲಿ ಮಿಸ್ಟರ್ ಅನ್ನುವುದಕ್ಕೆ ಸುತ್ತು ಹಾಕಿ, ಅದೇ ಲಕೋಟೆಯಲ್ಲಿ ವಾಪಸ್ಸು ಕಳಿಸಿದಳು. ಹದಿನೈದು ದಿನಕ್ಕೆ ಸರಿಯಾದ ಕಾಗದ ಬಂತು. ಅದರ ಕೆಳಗೆ ಶಾಲ್ವಿನ್ ಕೈಯಲ್ಲಿ ಬರೆದಿದ್ದ: ಇದು ಬಾಸ್ ಮಾಡಿದ ತಪ್ಪು, ಈ ಸಲ ನನ್ನದಲ್ಲ.

ಈ ವರ್ಷದಿಂದ ಗುರುವಾರ ಮರಗೆಲಸದ ಶೆಡ್ಡಿನಲ್ಲಿ ಒಂದು ಮೂಲೆ ಟೋರಿಕಾಳದ್ದು. ಆರು ಹುಡುಗಿಯರು ಅವಳ ಹತ್ತಿರ ಬೆಸುಗೆ ಹಾಕಲು ಕಲಿಯುತ್ತಿದ್ದಾರೆ. ಮೊದಲ ದಿನವೇ ಒಬ್ಬಳು ಬೆರಳು ಸುಟ್ಟುಕೊಂಡು, ಅಳುವುದು ಬಿಟ್ಟು, ಅಲ್ಲಿ ಎದ್ದ ಗುಳ್ಳೆಯನ್ನು ಊಟದ ಸಾಲಿನಲ್ಲಿ ಎಲ್ಲರಿಗೂ ತೋರಿಸುತ್ತಾ ಬಂದಳು. ನಾನು ಬೆಣ್ಣೆ ಹಚ್ಚಲು ಹೋದೆ. ಟೋರಿಕಾ ನನ್ನ ಕೈ ತಡೆದು, ಬೆಣ್ಣೆ ಹಚ್ಚಬಾರದು, ತಣ್ಣೀರಲ್ಲಿ ಇಡಬೇಕು ಅಂದಳು.

"ನಲವತ್ತು ವರ್ಷದಿಂದ ನಾನು ಸುಟ್ಟ ಕೈಗೆ ಬೆಣ್ಣೇನೇ ಹಚ್ಚಿದ್ದೀನಿ" ಅಂದೆ.

"ಅದಕ್ಕೇ ನಿನ್ನ ಕೈ ನೋಡು ಹೇಗಿದೆ" ಅಂದಳು. ಆಮೇಲೆ ಆ ಹುಡುಗಿಯ ಬೆರಳನ್ನು ನಲ್ಲಿಯ ಕೆಳಗೆ ಹಿಡಿದು, ಅವಳು ಸಾಕು ಅನ್ನುವವರೆಗೂ ನಿಂತಿದ್ದಳು.